ಬೆಳಗ್ಗೆ ಮೊಲೊಕಿನಿ, ಮಧ್ಯಾಹ್ನ ಜಿಪ್‌ಲೈನ್: ಮಾವಿಯಲ್ಲಿ ಒಂದೇ ದಿನಕ್ಕೆ ಎರಡನ್ನೂ ಹೊಂದಿಸಿದ ನನ್ನ ಅನುಭವ

ಹವಾಯಿಯ ಮಾವಿ ದ್ವೀಪಕ್ಕೆ ಗುಂಪು ಕರೆದುಕೊಂಡು ಹೋಗುವವರಿಗೆಲ್ಲ ಈ ಲೆಕ್ಕ ಗೊತ್ತು. ನಾಲ್ಕು ದಿನದ ಪ್ರವಾಸ ಅಂದರೆ ಹಾನಾ ರಸ್ತೆಗೆ ಒಂದು ದಿನ ಹೋಯಿತು, ಹಲೇಅಕಲಾ ಜ್ವಾಲಾಮುಖಿ ಬೆಟ್ಟದ ಸೂರ್ಯೋದಯಕ್ಕೆ ಇನ್ನೊಂದು ಹೋಯಿತು, ಬಂದಿಳಿದ ದಿನ ಲೆಕ್ಕಕ್ಕೇ ಇಲ್ಲ. ಉಳಿದ ಒಂದೇ ದಿನದಲ್ಲಿ ಅರ್ಧ ಜನಕ್ಕೆ ಮೊಲೊಕಿನಿ ಅನ್ನುವ ಅರ್ಧಚಂದ್ರಾಕಾರದ ಪುಟ್ಟ ದ್ವೀಪಕ್ಕೆ ಸ್ನಾರ್ಕೆಲ್ (ಉಸಿರುಕೊಳವೆ ಕಚ್ಚಿ ತೇಲುತ್ತಾ ಮೀನು ನೋಡುವ) ಬೋಟು ಬೇಕು, ಇನ್ನರ್ಧಕ್ಕೆ ತಂತಿಗೆ ನೇತುಬಿದ್ದು ಜಾರುವ ಜಿಪ್‌ಲೈನ್ ಬೇಕು. ಗುಂಪು ಒಡೆದರೆ ಕಾರು ಎರಡು, ಜಗಳ ನಾಲ್ಕು.

ಎರಡನ್ನೂ ಒಂದೇ ದಿನ ಮಾಡಿಸ್ತೀನಿ ಅಂದಾಗ, ನನ್ನ ಹಾಗೇ ಗುಂಪು ಕರೆದೊಯ್ಯುವ ಹಿರಿಯರೊಬ್ಬರು, "ಎರಡು ದೋಣಿ ಮೇಲೆ ಕಾಲಿಡೋಕೆ ಹೋಗಬೇಡಿ, ದುಡ್ಡೂ ಹೋಗುತ್ತೆ, ಜನಾನೂ ಸುಸ್ತಾಗ್ತಾರೆ" ಅಂದಿದ್ದರು. ಮೊದಮೊದಲು ಅವರ ಮಾತೇ ನಿಜವಾಯಿತು ಅನ್ನಿ. ಈಗ ಅವರೇ ಫೋನ್ ಮಾಡಿ, ಯಾವ ಬೋಟು ಹಿಡೀತೀರಿ ಅಂತ ಕೇಳುತ್ತಾರೆ. ಬೋಟಿನ ಹೆಸರು ಅವರಿಗೂ ಹೇಳಿಲ್ಲ, ಇಲ್ಲೂ ಹೇಳಲ್ಲ. ಬೇರೆ ಬಹುಪಾಲು ಹೇಳುತ್ತೇನೆ.

ಶುರುವಿನಲ್ಲಿ ನಾನೂ ಎಲ್ಲರ ಹಾಗೆ ಜಿಪ್‌ಲೈನನ್ನೇ ಮೊದಲು ಇಟ್ಟಿದ್ದೆ. ಒಣಗಿದ ಮೈಯಲ್ಲಿ ತಂತಿ ಮುಗಿಸೋಣ, ಆಮೇಲೆ ನೆನೆಯೋಣ ಅನ್ನುವ ಯೋಚನೆ. ಕೇಳಲು ಸರಿಯಾಗಿಯೇ ಇದೆ. ಬೆಳಗ್ಗೆ 8ಕ್ಕೆ ತಂತಿ, ಮಧ್ಯಾಹ್ನ 1ಕ್ಕೆ ಬೋಟು. ತಂತಿ ಚೆನ್ನಾಗಿಯೇ ಆಯಿತು. ಬೋಟು ಮಾಲಾಯಾ ಬಂದರು ದಾಟಿ ಹತ್ತು ನಿಮಿಷಕ್ಕೆ ಅರ್ಧ ಜನ ಕಂಬಿ ಹಿಡಿದು ನಿಂತರು. ಇಲ್ಲಿ ವರ್ಷದ ಬಹುಪಾಲು ಬೀಸುವ ಈಶಾನ್ಯದ ಟ್ರೇಡ್ ಗಾಳಿ ಪಶ್ಚಿಮ ಮಾವಿ ಬೆಟ್ಟಕ್ಕೂ ಹಲೇಅಕಲಾಕ್ಕೂ ನಡುವಿನ ತಗ್ಗಿನಲ್ಲಿ ನುಗ್ಗಿ, ಸೀದಾ ಆ ಬಂದರಿನ ಮೇಲೇ ಬಂದು ಬೀಳುತ್ತದೆ. ಹೊತ್ತು ಏರಿದ ಹಾಗೆ ಜೋರು ಜಾಸ್ತಿ. ಸಾಲದ್ದಕ್ಕೆ ಮೊಲೊಕಿನಿಯ ಅರ್ಧಚಂದ್ರದ ಬಾಯಿ ತೆರೆದಿರುವುದೂ ಉತ್ತರದ ಕಡೆಗೇ. ಬೆಳಗ್ಗೆ ಕೊಳದಂತಿದ್ದ ನೀರು ಮಧ್ಯಾಹ್ನದ ಹೊತ್ತಿಗೆ ಕಲಕಿಹೋಗಿರುತ್ತದೆ.

ಕ್ಯಾಪ್ಟನ್ ಮೊಲೊಕಿನಿ ಕಡೆ ತಿರುಗಲೇ ಇಲ್ಲ. ದಡಕ್ಕೆ ಹತ್ತಿರದ ಹವಳದ ಜಾಗವೊಂದಕ್ಕೆ ಕರೆದುಕೊಂಡು ಹೋಗಿ ಲಂಗರು ಹಾಕಿದರು. ಮೀನಿದ್ದವು, ಸರಿ. ಆದರೆ ಜನ ದುಡ್ಡು ಕೊಟ್ಟದ್ದು ಮೊಲೊಕಿನಿಗೆ. ಜಾಗ ಕ್ಯಾಪ್ಟನ್ ತೀರ್ಮಾನ ಅಂತ ಟಿಕೆಟ್ಟಿನ ಸಣ್ಣ ಅಕ್ಷರದಲ್ಲಿ ಮೊದಲೇ ಬರೆದಿರುತ್ತಾರೆ. ಹಾಗಾಗಿ ಒಂದು ಡಾಲರೂ ವಾಪಸ್ಸಿಲ್ಲ. ಗುಂಪಿನವರಿಗೆ ಸಮಾಧಾನಕ್ಕೆ ರಾತ್ರಿ ಊಟ ಕೊಡಿಸಿದೆ. ಅದಕ್ಕೇ 400 ಡಾಲರ್ ಹತ್ತಿರ ಹೋಯಿತು.

ಆಮೇಲೆ ಉಲ್ಟಾ ಮಾಡಿದೆ. ಬೆಳಗ್ಗೆ ಬೋಟು, ಮಧ್ಯಾಹ್ನ ಹಲೇಅಕಲಾ ಇಳಿಜಾರಿನ ಜಿಪ್‌ಲೈನ್. ಇದರಲ್ಲಿ ಸಮುದ್ರ ಒಲಿಯಿತು, ಬೆಟ್ಟ ಮುನಿಯಿತು. ಆ ಜಾಗ ಸುಮಾರು 4,000 ಅಡಿ ಎತ್ತರದಲ್ಲಿದೆ. ಬಂದರಿನಿಂದ ಹೆಚ್ಚುಕಮ್ಮಿ ಒಂದು ಗಂಟೆ ದಾರಿ. ಬೋಟು ಬಂದದ್ದೇ ತಡವಾಗಿ, ಎಲ್ಲರೂ ಒದ್ದೆ ಬಟ್ಟೆಯಲ್ಲೇ ಕಾರು ಹತ್ತಿದ್ದರು. ಮೇಲೆ ಹೋದರೆ ಮೋಡ ಕವಿದಿದೆ, ಕೆಳಗಿಗಿಂತ ಏಳೆಂಟು ಡಿಗ್ರಿ ಚಳಿ. ಇಪ್ಪತ್ತು ನಿಮಿಷ ತಡ ಅಂತ ನಮ್ಮ ಸರದಿಯನ್ನೇ ಬಿಟ್ಟುಬಿಟ್ಟರು. ಎಂಟು ಜನರ ದುಡ್ಡು, ಸಾವಿರ ಡಾಲರ್ ಮೇಲೇ ಇರಬೇಕು, ಹೋಯಿತು. ಬೇರೆ ದಿನ ಕೊಡಿ ಅಂತ ಗೋಗರೆದೆ. ಕೌಂಟರಿನಲ್ಲಿದ್ದ ಹುಡುಗ ಕಂಪ್ಯೂಟರಿನಿಂದ ತಲೆಯೇ ಎತ್ತಲಿಲ್ಲ.

ಇದೇ ಹೊತ್ತಿಗೆ ಇನ್ನೊಂದು ಪುಕಾರು ಎದ್ದಿತು. ನೀರಿಗೆ ಇಳಿದ ದಿನ ಎತ್ತರಕ್ಕೆ ಹೋಗಬಾರದು, ಅಪಾಯ ಅಂತ. ಆ ಮಾತು ಸಿಲಿಂಡರ್ ಹೊತ್ತು ಆಳಕ್ಕೆ ಇಳಿಯುವ ಸ್ಕೂಬಾದವರಿಗೆ ನಿಜ. ಸಿಲಿಂಡರಿನ ಒತ್ತಡದ ಗಾಳಿ ಉಸಿರಾಡಿದವರ ಮೈಯಲ್ಲಿ ನೈಟ್ರೋಜನ್ ಸೇರಿರುತ್ತದೆ. ಒಂದೇ ಡೈವ್ ಆದರೆ 12 ಗಂಟೆ, ಹಲವು ಆದರೆ 18 ಗಂಟೆ ವಿಮಾನ ಹತ್ತಬೇಡಿ ಅಂತ ಡೈವ್ ಸುರಕ್ಷತೆಯವರು ಹೇಳುತ್ತಾರೆ. ಅದೇ ಕಾರಣಕ್ಕೆ ಸ್ಕೂಬಾ ಮಾಡಿದವರು ಹಲೇಅಕಲಾ ಶಿಖರಕ್ಕೂ ಅವತ್ತೇ ಹೋಗಬಾರದು, ಅದು 10,023 ಅಡಿ. ಸ್ನಾರ್ಕೆಲ್‌ನಲ್ಲಿ ನಾವು ನೀರಿನ ಮೇಲಿನ ಗಾಳಿಯನ್ನೇ ಕುಡಿಯುತ್ತೇವೆ, ಅಲ್ವಾ? ಆ ತಂಟೆಯೇ ಇಲ್ಲ. ಆದರೆ ಬೋಟಿನಲ್ಲಿ ಹೆಚ್ಚು ದುಡ್ಡು ಕೊಟ್ಟರೆ ಸ್ನೂಬಾ ಅಂತ ಒಂದು ಮಾಡಿಸುತ್ತಾರೆ. ಮೇಲೆ ತೇಲುವ ಸಿಲಿಂಡರಿನಿಂದ ಪೈಪಿನಲ್ಲಿ ಗಾಳಿ ಬರುತ್ತದೆ, ಇಪ್ಪತ್ತು ಅಡಿವರೆಗೆ ಇಳಿಯಬಹುದು. ಅದೂ ಒತ್ತಡದ ಗಾಳಿಯೇ. ನನ್ನ ಗುಂಪಿನಲ್ಲಿ ಈ ಜೋಡಿ ದಿನ ಸ್ನೂಬಾ ಬೇಡ ಅಂತ ಮೊದಲೇ ಹೇಳಿಬಿಡುತ್ತೇನೆ.

ಕೊನೆಗೆ ಕೈ ಹಿಡಿದದ್ದು ವೈಕಪು. ಪಶ್ಚಿಮ ಮಾವಿ ಬೆಟ್ಟದ ಬುಡ, ಮಾಲಾಯಾ ಬಂದರಿನಿಂದ ಹತ್ತು ನಿಮಿಷ. ಅಲ್ಲಿ ತೋಟದ ಮೇಲೆ ಹಾಯುವ ಚಿಕ್ಕ ತಂತಿಗಳೂ ಇವೆ, ಬೆಟ್ಟದ ಮೇಲಿನ ಉದ್ದ ತಂತಿಗಳೂ ಇವೆ. ಜೋಡಿ ದಿನಕ್ಕೆ ಚಿಕ್ಕದೇ ಸರಿ. ಎತ್ತರ ಕಮ್ಮಿ, ಮೋಡ ಕಮ್ಮಿ, ಎರಡು ಗಂಟೆ ಒಳಗೆ ಮುಗಿಯುತ್ತದೆ. ಅನುಭವಸ್ಥರು ಇದನ್ನು ಮಕ್ಕಳ ತಂತಿ ಅಂತ ಮೂಗು ಮುರಿಯುತ್ತಾರೆ. ಮುರಿಯಲಿ. ಸಮುದ್ರದಲ್ಲಿ ಒಂದೂವರೆ ಗಂಟೆ ಕಾಲು ಬಡಿದು ಬಂದವರಿಗೆ ಅಷ್ಟು ಸಾಕು.

ಈಗ ನನ್ನ ದಿನ ಹೀಗೆ. ಬೆಳಗ್ಗೆ 6.30ಕ್ಕೆ ಬಂದರು, 7ಕ್ಕೆ ಬೋಟು ಹೊರಡುತ್ತದೆ. ಮುಕ್ಕಾಲು ಗಂಟೆಯಿಂದ ಒಂದು ಗಂಟೆಯಲ್ಲಿ ಮೊಲೊಕಿನಿ. ಅಲ್ಲಿಂದ ಆಮೆಗಳಿರುವ ಇನ್ನೊಂದು ಜಾಗ, 12ರ ಸುಮಾರಿಗೆ ದಡ. ತಂತಿ 2 ಗಂಟೆಗೆ. 1 ಗಂಟೆಯ ಸರದಿ ಖಾಲಿ ಇದೆ ಅಂತ ಫೋನಿನಲ್ಲಿ ಆಸೆ ಹುಟ್ಟಿಸುತ್ತಾರೆ, ಬೇಡ. 2023ರ ಆಗಸ್ಟ್ ಬೆಂಕಿಯಲ್ಲಿ ಲಹೈನಾ ಬಂದರು ಹೋದ ಮೇಲೆ ಅಲ್ಲಿನ ಎಷ್ಟೋ ಬೋಟುಗಳು ಮಾಲಾಯಾಕ್ಕೇ ಬಂದವು. ಗಾಡಿ ನಿಲ್ಲಿಸಲು, ವಾಪಸ್ ಬಂದು ಇಳಿಯಲು ಎಲ್ಲದಕ್ಕೂ ಈಗ ಹೊತ್ತು ಜಾಸ್ತಿ ಹಿಡಿಯುತ್ತದೆ.

ದುಡ್ಡಿನ ವಿಚಾರ. ನೆನಪಿನಿಂದ ಹೇಳ್ತೀನಿ, ಹತ್ತಿಪ್ಪತ್ತು ಡಾಲರ್ ಆಚೀಚೆ ಇರಬಹುದು. ಬೋಟಿಗೆ ತಲೆಗೆ 170ರಿಂದ 180. ತೆರಿಗೆ, ಟಿಪ್ಸ್ ಸೇರಿದರೆ 210ರ ಮೇಲೆ. 2024ರ ಜನವರಿಯಿಂದ ತಲೆಗೆ ಒಂದು ಡಾಲರ್ ಸಮುದ್ರ ಶುಲ್ಕ ಬೇರೆ. ತಂತಿಗೆ 130ರಿಂದ 140, ಗೈಡುಗಳ ಟಿಪ್ಸ್ ಸೇರಿ 160. ಒಟ್ಟು 370, 380. ಜುಗ್ಗತನ ಮಾಡಲೇಬೇಡಿ ಅನ್ನುವುದು ಟಿಪ್ಸ್‌ನಲ್ಲಿ. ಗೈಡುಗಳು ನಮ್ಮನ್ನು ನೆನಪಿಟ್ಟುಕೊಳ್ಳುತ್ತಾರೆ, ಮುಂದಿನ ಗುಂಪು ಅರ್ಧ ಗಂಟೆ ತಡವಾದರೆ ಕಾಯುತ್ತಾರೆ. ಆ ಬೆಟ್ಟದ ಮೇಲೆ ಕಳೆದ ಸಾವಿರ ಡಾಲರಿಗೆ ಹೋಲಿಸಿದರೆ ಇದು ಯಾವ ಲೆಕ್ಕ?

ಎರಡನ್ನೂ ಸೇರಿಸಿ ಒಂದೇ ಟಿಕೆಟ್ ಅಂತ ಹೋಟೆಲುಗಳ ಮೇಜಿನಲ್ಲಿ ಮಾರುತ್ತಾರೆ. ಮೊದಲ ಸಲ ನಾನೂ ಹೋಗಿ ಕೂತಿದ್ದೆ. ಅರ್ಧ ಬೆಲೆ ಅಂದರು. ಬದಲಿಗೆ ಟೈಮ್‌ಶೇರ್ (ರಜೆಮನೆಯಲ್ಲಿ ವರ್ಷಕ್ಕಿಷ್ಟು ದಿನದ ಪಾಲು) ಮಾರುವವರ ಭಾಷಣಕ್ಕೆ ಗಂಡ ಹೆಂಡತಿ ಇಬ್ಬರೂ ಬಂದು ಒಂದೂವರೆ ಗಂಟೆ ಕೂರಬೇಕು. ಒಂದೂವರೆ ಅನ್ನುವುದು ಮೂರಾಗುತ್ತದೆ, ಒಂದು ಬೆಳಗ್ಗೆ ಪೂರ್ತಿ ಮುಳುಗುತ್ತದೆ. ಅಷ್ಟಾದ ಮೇಲೂ ತಂತಿ ಇರುವುದು ದ್ವೀಪದ ಇನ್ನೊಂದು ಮೂಲೆಯಲ್ಲಿ! ಎರಡನ್ನೂ ಬೇರೆಬೇರೆಯಾಗಿ, ನೇರವಾಗಿ ನಡೆಸುವವರ ಹತ್ತಿರವೇ ಬುಕ್ ಮಾಡುವುದು ವಾಸಿ. ಗಾಳಿ ಅಂತ ಬೋಟು ಮುಂದಕ್ಕೆ ಹೋದರೆ ತಂತಿಯ ಹೊತ್ತನ್ನೂ ಒಂದು ಫೋನಿನಲ್ಲಿ ಬದಲಾಯಿಸಬಹುದು. ಮಧ್ಯವರ್ತಿ ಇದ್ದರೆ ಅವನು ಇವನ ಮೇಲೆ, ಇವನು ಅವನ ಮೇಲೆ ಹಾಕುತ್ತಾರೆ. ಇನ್ನೊಂದು, ಬೋಟನ್ನು ಪ್ರವಾಸದ ಮೊದಲ ದಿನಗಳಲ್ಲೇ ಇಡಿ. ಮುಂದೂಡಲು ದಿನ ಉಳಿದಿರಬೇಕಲ್ಲ.

ಇನ್ನು ಉಪ್ಪಿನ ಕಥೆ. ಇದನ್ನು ಯಾರೂ ಹೇಳಲ್ಲ. ಸಮುದ್ರದಿಂದ ಎದ್ದು ಮೈ ಒರೆಸಿಕೊಂಡರೆ ಒಣಗಿದ ಹಾಗೇ ಅನಿಸುತ್ತದೆ. ಆದರೆ ತೊಡೆಯ ಒಳಭಾಗದಲ್ಲಿ, ಸೊಂಟದ ಪಟ್ಟಿ ಕೂರುವಲ್ಲಿ ಉಪ್ಪು ಬಿಳಿ ಪುಡಿಯಾಗಿ ಕೂತಿರುತ್ತದೆ. ಅದರ ಮೇಲೆ ತಂತಿಗೆ ನೇತುಹಾಕುವ ಹಾರ್ನೆಸ್ ಬಿಗಿದು, ಇಡೀ ಭಾರ ಆ ಎರಡು ಪಟ್ಟಿಯ ಮೇಲೆ ಬಿಟ್ಟರೆ ಮೂರನೇ ತಂತಿ ಹೊತ್ತಿಗೆ ಚರ್ಮ ಕೆಂಪು. ಒಬ್ಬರು ಕಾಲಗಲಿಸಿ ನಡೆದುಕೊಂಡೇ ಕಾರಿಗೆ ಬಂದಿದ್ದರು, ಪಾಪ. ಬೋಟಿನ ಶವರ್ ನಂಬಬೇಡಿ, ಸಾಲು ದೊಡ್ಡದು, ನೀರು ಸಣ್ಣದು. ನಾನು ಬೆಳಗ್ಗೆಯೇ ತಲೆಗೆ ಎರಡು ಲೀಟರಿನಂತೆ ಸಿಹಿನೀರಿನ ಬಾಟಲು ಕಾರಿನ ಡಿಕ್ಕಿಯಲ್ಲಿ ಇಡುತ್ತೇನೆ. ವಾಪಸ್ ಬರುವಾಗ ಬಿಸಿಲಿಗೆ ಹದವಾಗಿ ಕಾದಿರುತ್ತದೆ. ಮೊದಲು ತೊಡೆ, ಸೊಂಟ, ಆಮೇಲೆ ಕುತ್ತಿಗೆ. ತಲೆ ಕೊನೆಗೆ, ನೀರು ಉಳಿದರೆ. ಈಜುಡುಗೆ ಬಿಚ್ಚಿ, ಮೊಣಕಾಲು ತನಕ ಬರುವ ಒಣ ಚಡ್ಡಿ ಹಾಕಲೇಬೇಕು. ಕಾಲಿಗೆ ಬೆರಳು ಮುಚ್ಚುವ ಶೂ. ಸಮುದ್ರದ ಚಪ್ಪಲಿಯಲ್ಲಿ ಹೋದವರನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ.

ತೂಕದ ವಿಷಯ ನಾಜೂಕು. ಎಲ್ಲರೂ ಬುಕಿಂಗ್‌ನಲ್ಲಿ ತೂಕ ಕಮ್ಮಿ ಹೇಳುತ್ತಾರೆ, ಅಲ್ಲಿ ತಕ್ಕಡಿ ಸತ್ಯ ಹೇಳುತ್ತದೆ. ಮಿತಿ ಜಾಗದಿಂದ ಜಾಗಕ್ಕೆ ಬೇರೆ, ಮೇಲಿನದು ಸಾಮಾನ್ಯವಾಗಿ 250, 260 ಪೌಂಡ್ ಆಸುಪಾಸು. ಬೋಟಿನ ಊಟ ಹೊಟ್ಟೆಯಲ್ಲಿರುತ್ತದೆ, ಬಟ್ಟೆ, ಶೂ ಸೇರುತ್ತದೆ. ಹಾಗಾಗಿ ಅಂಚಿನಲ್ಲಿರುವವರಿಗೆ ಹತ್ತು ಪೌಂಡ್ ಸೇರಿಸಿಯೇ ಲೆಕ್ಕ ಹಾಕಿ ಅನ್ನುತ್ತೇನೆ. ನಿಜವಾದ ಗೋಳು ಹಗುರದವರದು. ಬೋಟಿಗೆ ತೊಂದರೆ ಕೊಡುವ ಅದೇ ಗಾಳಿ ಮಧ್ಯಾಹ್ನ ವೈಕಪುವಿನಲ್ಲೂ ಇರುತ್ತದೆ. ಎದುರುಗಾಳಿಯಲ್ಲಿ ತೆಳ್ಳಗಿನವರು ತಂತಿ ಮುಗಿಯುವ ಕಟ್ಟೆ ಮುಟ್ಟದೆ ನಡುವೆ ನಿಂತುಬಿಡುತ್ತಾರೆ. ಆಮೇಲೆ ಗೈಡ್ ತಂತಿ ಹಿಡಿದು ಹೋಗಿ ಎಳೆದು ತರಬೇಕು. ಮಂಡಿ ಎದೆಗೆ ತಂದು ಮುದುಡಿ ಕೂತರೆ ಗಾಳಿ ಕಮ್ಮಿ ತಾಗುತ್ತದೆ, ದಾಟುತ್ತಾರೆ. ಭಾರದವರು ಕೈಕಾಲು ಚಾಚಿದರೆ ವೇಗ ಇಳಿಯುತ್ತದೆ. ಹಗುರದವರ ಜೇಬಿಗೆ ನೀರಿನ ಬಾಟಲು ಹಾಕಿ ನೋಡೋಣ ಅಂತ ಒಮ್ಮೆ ಹೊರಟಿದ್ದೆ. ಗೈಡ್ ಕಣ್ಣಿಗೆ ಬಿದ್ದು ತೆಗೆಸಿದರು. ಅವರು ಹೇಳಿದ್ದು ಸರಿ, ಬಾಟಲು ಬಿದ್ದರೆ ಕೆಳಗಿರುವವರ ತಲೆ ಏನಾಗಬೇಕು?

ವಾಂತಿ ಮಾತ್ರೆಯ ಮೇಲೂ ಪ್ರಯೋಗ ನಡೆದಿದೆ. ಬೆಳಗ್ಗೆ ಬೋಟು ಹತ್ತುವಾಗ ಮೆಕ್ಲಿಜಿನ್ ನುಂಗಿದವರು ಮಧ್ಯಾಹ್ನ ತಂತಿಯ ಕಟ್ಟೆ ಮೇಲೆ ಆಕಳಿಸುತ್ತಾ ನಿಂತಿದ್ದರು. ಗೈಡ್ ಹೇಳುವುದು ಒಂದು, ಇವರು ಮಾಡುವುದು ಇನ್ನೊಂದು. ಅದಕ್ಕೇ ಈಗ ಮಾತ್ರೆ ಬೇಕಾದವರು ಹಿಂದಿನ ರಾತ್ರಿಯೇ ತೆಗೆದುಕೊಳ್ಳುತ್ತಾರೆ, ಅದೂ ಅವರ ಡಾಕ್ಟರ್ ಹೂಂ ಅಂದರೆ. ಶುಂಠಿ ಮಿಠಾಯಿಯಿಂದ ಕೆಲವರಿಗೆ ಉಪಯೋಗ ಆಗಿದೆ, ಕೆಲವರಿಗೆ ಸುಮ್ನೆ ಬಾಯಿ ಖಾರ. ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಬೋಟಿನಲ್ಲಿ ಕೂರುವ ಜಾಗ. ಹಿಂಭಾಗ, ಕೆಳಗಿನ ಡೆಕ್ಕು, ಅಷ್ಟು ಹೇಳಬಲ್ಲೆ. ಯಾವ ಮಗ್ಗುಲು ಅನ್ನುವುದು ನನ್ನ ಹತ್ತಿರವೇ ಇರಲಿ.

ಸನ್‌ಸ್ಕ್ರೀನ್ ಬಗ್ಗೆ ಗುಂಪಿಗೆ ಮೊದಲೇ ಹೇಳಿ. ಆಕ್ಸಿಬೆನ್ಜೋನ್, ಆಕ್ಟಿನೊಕ್ಸೇಟ್ ಅನ್ನುವ ರಾಸಾಯನಿಕ ಇರುವುದನ್ನು ಹವಾಯಿಯಲ್ಲಿ 2021ರಿಂದ ಮಾರುವ ಹಾಗಿಲ್ಲ. ಮಾವಿಯಲ್ಲಿ 2022ರ ಅಕ್ಟೋಬರಿನಿಂದ ಜಿಂಕ್ ತರಹದ ಖನಿಜದ್ದು ಬಿಟ್ಟು ಬೇರೆಯದನ್ನು ಹಚ್ಚುವ ಹಾಗೂ ಇಲ್ಲ. ಜಿಂಕ್ ಹಚ್ಚಿದರೆ ಮುಖ ಸುಣ್ಣ ಬಳಿದ ಗೋಡೆ. ಅದು ಹೆಲ್ಮೆಟ್ ಪಟ್ಟಿಗೆ ಮೆತ್ತಿ, ಬೆವರಿನ ಜೊತೆ ಕಣ್ಣಿಗಿಳಿದು, ತಂತಿ ಮೇಲೆ ಉಜ್ಜಿಕೊಳ್ಳಲೂ ಆಗದೆ ಒದ್ದಾಡುತ್ತಾರೆ. ನಾವು ಸಮುದ್ರಕ್ಕೆ ಉದ್ದ ತೋಳಿನ ಈಜು ಅಂಗಿ ಹಾಕಿಸುತ್ತೇವೆ. ಮುಖಕ್ಕೆ ಮಾತ್ರ ಜಿಂಕ್, ಮಧ್ಯಾಹ್ನ ಹಣೆಗೆ ಹಚ್ಚುವುದೇ ಇಲ್ಲ. ಹೇಗೂ ಹೆಲ್ಮೆಟ್ ಇರುತ್ತದೆ.

ಒಂದು ವಿಚಾರದಲ್ಲಿ ಮಾತ್ರ ನಾನು ಯಾರ ಮಾತೂ ಕೇಳಲ್ಲ. ಹವಾಯಿಯಲ್ಲಿ ಸಮುದ್ರದಲ್ಲಿ ಸಾಯುವ ಪ್ರವಾಸಿಗರಲ್ಲಿ ಸ್ನಾರ್ಕೆಲ್ ಮಾಡುತ್ತಿದ್ದವರೇ ಜಾಸ್ತಿ. ದೊಡ್ಡ ಅಲೆ ಏನೂ ಬೇಕಿಲ್ಲ, ನಿಂತ ನೀರಿನಲ್ಲೇ ಆಗುತ್ತದೆ. ನೀರಿನಲ್ಲಿ ಯಾರಿಗೆ ಉಸಿರು ಕಟ್ಟಿದ ಹಾಗಾಯಿತೋ, ಕೈಕಾಲು ಸೋತಿತೋ, ಅವರು ತಕ್ಷಣ ಸ್ನಾರ್ಕೆಲ್ ತೆಗೆದು, ಕೈ ಎತ್ತಿ, ಬೋಟು ಹತ್ತಬೇಕು. ಆಮೇಲೆ ಅರ್ಧ ಗಂಟೆಗೆ ಸರಿಹೋದೆ ಅಂದರೂ ಅವತ್ತು ಅವರಿಗೆ ತಂತಿ ಇಲ್ಲ. 140 ಡಾಲರ್ ಹೋದರೆ ಹೋಗಲಿ. ಎರಡು ಸಲ ಇದಕ್ಕೆ ಜಗಳವೂ ಆಗಿದೆ, ದುಡ್ಡು ನಾನೇ ಕೊಟ್ಟಿದ್ದೇನೆ.

ಚಳಿಗಾಲದಲ್ಲಿ ಇದೇ ವೇಳಾಪಟ್ಟಿ ಯಾವಾಗಲೂ ನಡೆಯಲ್ಲ. ಟ್ರೇಡ್ ಗಾಳಿ ನಿಂತು ದಕ್ಷಿಣದಿಂದ ಕೋನಾ ಗಾಳಿ ಬಂದರೆ ಬೆಳಗಿನ ಬೋಟೇ ರದ್ದಾಗಬಹುದು. ಅಂಥ ದಿನ ನಾನು ತಂತಿಯನ್ನು ಬೆಳಗ್ಗೆಗೆ ಎಳೆದು ಸಮುದ್ರವನ್ನು ಮರುದಿನಕ್ಕೆ ತಳ್ಳುತ್ತೇನೆ. ಮಳೆ ಬಂದರೂ ತಂತಿ ಓಡುತ್ತದೆ, ಸಿಡಿಲು ಬಂದರೆ ಇಳಿಸುತ್ತಾರೆ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಹಂಪ್‌ಬ್ಯಾಕ್ ತಿಮಿಂಗಿಲಗಳ ಕಾಲವೂ ಹೌದು. ದಾರಿಯಲ್ಲಿ ತಿಮಿಂಗಿಲ ಎದ್ದರೆ ಬೋಟು ನಿಲ್ಲಿಸುತ್ತಾರೆ, ವಾಪಸ್ಸು ಅರ್ಧ ಗಂಟೆ ತಡ. ಆ ತಿಂಗಳುಗಳಲ್ಲಿ ತಂತಿಯನ್ನು 2.30ಕ್ಕೆ ಹಾಕಿಸುತ್ತೇನೆ.