ಗೆಳೆಯನಿಗೊಂದು ಗೇಮಿಂಗ್ ಪಿಸಿ: ಕಮ್ಮಿ ದುಡ್ಡಿನಲ್ಲಿ ಪಾರ್ಟ್ಸ್ ಆರಿಸುವುದು ಹೇಗೆ?

"ನಂಗೊಂದು ಗೇಮಿಂಗ್ ಪಿಸಿ ಮಾಡಿಕೊಡೋ" ಅಂತ ಗೆಳೆಯ ಕೇಳಿದ ತಕ್ಷಣ ಪಾರ್ಟ್ಸ್ ಪಟ್ಟಿ ಬರೆಯಲು ಕೂರಬೇಡಿ. ಮೊದಲು ಎರಡು ಪ್ರಶ್ನೆ ಕೇಳಿ. ಯಾವ ಗೇಮ್ ಆಡ್ತೀಯ? ಮನೇಲಿ ಯಾವ ಮಾನಿಟರ್ ಇದೆ? "ಎಲ್ಲಾ ಗೇಮೂ ಆಡ್ತೀನಿ" ಅಂದರೆ ಒಪ್ಪಬೇಡಿ. ದಿನಾ ಆಡುವ ಗೇಮ್‌ಗಳ ಹೆಸರು ಬಾಯಿ ಬಿಡಿಸಿ.

ಯಾಕೆಂದರೆ ವ್ಯಾಲರಂಟ್, ಕೌಂಟರ್-ಸ್ಟ್ರೈಕ್ 2 ಥರದವು ಪ್ರೊಸೆಸರ್ ಮೇಲೆ ಜಾಸ್ತಿ ಭಾರ ಹಾಕುತ್ತವೆ. ಸೈಬರ್‌ಪಂಕ್ 2077 ಗ್ರಾಫಿಕ್ಸ್ ಕಾರ್ಡನ್ನು ಹಿಂಡುತ್ತದೆ. ಇನ್ನು ಮಾನಿಟರ್ 60 ಹರ್ಟ್ಸ್‌ದಾದರೆ ಸೆಕೆಂಡಿಗೆ 60 ಸಲಕ್ಕಿಂತ ಹೆಚ್ಚು ಚಿತ್ರ ಬದಲಾಗುವುದೇ ಇಲ್ಲ. ಪಿಸಿ 150 ಫ್ರೇಮ್ ಕೊಟ್ಟರೂ ಕಣ್ಣಿಗೆ ಆ ಲಾಭ ಪೂರ್ತಿ ಸಿಗಲ್ಲ. ಶೂಟಿಂಗ್ ಗೇಮ್ ಹುಚ್ಚಿದ್ದರೆ 1080ಪಿ (ಅಂದರೆ 1920x1080 ಚುಕ್ಕಿಗಳ ಪರದೆ), 144 ಹರ್ಟ್ಸ್ ಮಾನಿಟರ್‌ನ ದುಡ್ಡನ್ನೂ ಲೆಕ್ಕಕ್ಕೆ ಸೇರಿಸಿಯೇ ಶುರು ಮಾಡಿ.

ಆಮೇಲೆ ಗ್ರಾಫಿಕ್ಸ್ ಕಾರ್ಡ್. ಪಿಸಿಯ ದುಡ್ಡಿನಲ್ಲಿ ದೊಡ್ಡ ಪಾಲು ಇದಕ್ಕೇ ಹೋಗಲಿ. 1080ಪಿಗೆ ನಾನು 8 ಜಿಬಿ ಮೆಮೊರಿಗಿಂತ ಕೆಳಗೆ ಇಳಿಯಲ್ಲ. 2021ರಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 6600 ನನಗೆ ಇವತ್ತಿಗೂ ಇಷ್ಟ. 8 ಜಿಬಿ ಇದೆ, ಕರೆಂಟ್ ತಿನ್ನುವುದು 132 ವ್ಯಾಟ್ ಆಸುಪಾಸು ಮಾತ್ರ. ಅಗ್ಗ ಅಂತ ಆರ್‌ಎಕ್ಸ್ 6500 ಎಕ್ಸ್‌ಟಿ ಕಡೆ ಕೈ ಚಾಚಬೇಡಿ. ಅದರ 4 ಜಿಬಿ ಬೇಗ ತುಂಬುತ್ತದೆ. ಜೊತೆಗೆ ಮದರ್‌ಬೋರ್ಡ್‌ಗೂ ಕಾರ್ಡ್‌ಗೂ ನಡುವಿನ ಡೇಟಾ ದಾರಿಯಾದ ಪಿಸಿಐಇಯಲ್ಲಿ ಅದು ಬಳಸುವುದು ನಾಲ್ಕೇ ಲೇನ್. ಹಳೇ ಪಿಸಿಐಇ 3.0 ಬೋರ್ಡ್‌ಗೆ ಹಾಕಿದರೆ ಇನ್ನೂ ನಿಧಾನ.

ಪ್ರೊಸೆಸರ್ ವಿಷಯದಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನೂ ಇಲ್ಲ. ಆರು ಕೋರ್ (ಕೆಲಸ ಮಾಡುವ ಘಟಕ), ಹನ್ನೆರಡು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು) ಇರುವ ಎಎಂಡಿಯ ರೈಜನ್ 5 5600 ಅಥವಾ ಇಂಟೆಲ್‌ನ ಕೋರ್ ಐ5-12400ಎಫ್ ಸಾಕು. ದುಡ್ಡು ತೀರಾ ಬಿಗಿಯಾದರೆ ನಾಲ್ಕು ಕೋರ್‌ನ ಐ3-12100ಎಫ್. ಇಂಟೆಲ್ ಹೆಸರಿನ ಕೊನೆಗೆ 'ಎಫ್' ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ. 5600ರಲ್ಲೂ ಇಲ್ಲ. ಕಾರ್ಡ್ ಕೈಕೊಟ್ಟ ದಿನ ಪರದೆ ಪೂರ್ತಿ ಕಪ್ಪು. ಕಾರ್ಡ್‌ಗೆ ಈಗ ದುಡ್ಡಿಲ್ಲ, ಆಮೇಲೆ ನೋಡೋಣ ಅನ್ನುವವನಿಗೆ ಒಳಗೇ ಗ್ರಾಫಿಕ್ಸ್ ಇರುವ 5600ಜಿ ಸರಿ. ಆದರೆ ಅದರ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 5600ರ ಅರ್ಧ, 16 ಎಂಬಿ.

ಮದರ್‌ಬೋರ್ಡ್ ಬಂದಾಗ ಯಾರಾದರೂ "ಎಎಂ5 ತಗೋ, ಮುಂದೆ ಅಪ್‌ಗ್ರೇಡ್ ಮಾಡಬಹುದು" ಅಂತ ಹೇಳೇ ಹೇಳುತ್ತಾರೆ. ಎಎಂ4, ಎಎಂ5 ಅಂದರೆ ಎಎಂಡಿ ಪ್ರೊಸೆಸರ್ ಕೂರುವ ಸಾಕೆಟ್‌ಗಳು; 5600 ಕೂರುವುದು ಹಳೇ ಎಎಂ4ನಲ್ಲಿ. ಮಾತು ನಿಜ. ಎಎಂ4 ದಾರಿ ಹೆಚ್ಚುಕಮ್ಮಿ ಮುಗಿದಿದೆ. ಆದರೆ ನಿಮ್ಮ ಗೆಳೆಯ ಯಾವತ್ತಾದರೂ ಕೇಸ್ ಬಿಚ್ಚಿ ಪ್ರೊಸೆಸರ್ ಬದಲಿಸುವ ಆಸಾಮಿಯಾ? ಅಲ್ಲ ಅಂದರೆ, ಎಎಂ4 ತಗೊಂಡು ಉಳಿಯುವ ದುಡ್ಡನ್ನು ಕಾರ್ಡ್‌ಗೆ ಹಾಕಿ. ಒಂದು ಎಚ್ಚರ: ಹಳೇ ಸ್ಟಾಕ್‌ನ ಬಿ450 (ಎಎಂ4) ಬೋರ್ಡ್‌ಗೆ 5600 ಹಾಕಬೇಕಾದರೆ ಬಯಾಸ್ (ಬೋರ್ಡ್ ಒಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಬೇಕಾಗಬಹುದು. ಆಗಿದೆಯಾ ಅಂತ ಅಂಗಡಿಯವರನ್ನು ಮೊದಲೇ ಕೇಳಿ. ಇಂಟೆಲ್‌ನ 12ನೇ ತಲೆಮಾರಿಗೆ (12400ಎಫ್, 12100ಎಫ್ ಥರದವು) ಡಿಡಿಆರ್4, ಡಿಡಿಆರ್5 ಎರಡೂ ಬಗೆಯ ರ‍್ಯಾಮ್ ನಡೆಯುತ್ತವೆ, ಆದರೆ ಯಾವುದು ಅಂತ ತೀರ್ಮಾನಿಸುವುದು ಬೋರ್ಡ್. ಅದನ್ನು ನೋಡಿಯೇ ರ‍್ಯಾಮ್ ತಗೊಳ್ಳಿ.

ರ‍್ಯಾಮ್ 16 ಜಿಬಿ, ಆದರೆ ಒಂದೇ ಕಡ್ಡಿ ಬೇಡ. 8ರ ಎರಡು ಹಾಕಿದರೆ ಡ್ಯುಯಲ್ ಚಾನೆಲ್ ಆಗುತ್ತದೆ, ಅಂದರೆ ಡೇಟಾ ಎರಡು ದಾರಿಯಲ್ಲಿ ಓಡಾಡುತ್ತದೆ. 5600ಜಿ ಥರದ್ದಕ್ಕಂತೂ ಇದು ಬೇಕೇ ಬೇಕು. ಎಸ್‌ಎಸ್‌ಡಿ 1 ಟಿಬಿ ಇರಲಿ. 100 ಜಿಬಿ ದಾಟುವ ಗೇಮ್‌ಗಳು ಈಗ ಮಾಮೂಲು. ಎಂ.2 ಆಕಾರದಲ್ಲಿದ್ದ (ಬೋರ್ಡ್ ಮೇಲೇ ಕೂರುವ ತೆಳು ಪಟ್ಟಿ) ಮಾತ್ರಕ್ಕೆ ವೇಗದ ಎನ್‌ವಿಎಂಇ ಡ್ರೈವ್ ಅಂದುಕೊಳ್ಳಬೇಡಿ. ಅದೇ ಆಕಾರದಲ್ಲಿ ನಿಧಾನದ ಸಾಟಾ ಡ್ರೈವ್‌ಗಳೂ ಸಿಗುತ್ತವೆ.

ಎಲ್ಲರೂ ಕೈ ಬಿಗಿ ಹಿಡಿಯುವುದು ಪವರ್ ಸಪ್ಲೈನಲ್ಲಿ. ನಾನು ಗೆಳೆಯರ ಜೊತೆ ಜಗಳ ಆಡುವುದೂ ಅಲ್ಲೇ. ಕೇಸ್ ಜೊತೆ ಬಿಟ್ಟಿ ಬರುವ ಡಬ್ಬ ಬೇಡವೇ ಬೇಡ. 80 ಪ್ಲಸ್ ಗುರುತು ಹೇಳುವುದು ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನುವುದನ್ನು ಮಾತ್ರ, ಒಳಗಿನ ಕೆಲಸ ಎಷ್ಟು ಗಟ್ಟಿ ಅನ್ನುವುದನ್ನಲ್ಲ. ಆ ನಿರ್ದಿಷ್ಟ ಮಾಡೆಲ್‌ನ ರಿವ್ಯೂ ಓದಿ, ವಾರಂಟಿ ಎಷ್ಟು ವರ್ಷ ನೋಡಿ. ವ್ಯಾಟ್ ಜಾಸ್ತಿ ಬೇಕಿಲ್ಲ. 5600 ಮತ್ತು 6600ರ ಜೋಡಿಗೆ ಒಳ್ಳೆಯ 550 ವ್ಯಾಟ್ ಧಾರಾಳ. ಗ್ರಾಫಿಕ್ಸ್ ಕಾರ್ಡ್ ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದು, ಅರ್ಧ ಗಂಟೆ ಭಾರದ ಗೇಮ್ ಓಡಿಸಿ, ಫ್ಯಾನ್ ಸದ್ದು ಕೇಳಿಸಿಕೊಂಡು. ಪವರ್ ಸಪ್ಲೈ ಮಾತ್ರ ಹೊಸದೇ ಇರಲಿ.

ಕೇಸ್‌ಗೆ ಬಣ್ಣದ ಲೈಟ್ ಬೇಕು ಅಂತ ಅವನು ಹಟ ಹಿಡಿಯುತ್ತಾನೆ. ಹಿಡಿಯಲಿ ಬಿಡಿ. ಮುಂಭಾಗ ಜಾಲರಿ ಇದ್ದು ಗಾಳಿ ಆಡಬೇಕು, ಕಾರ್ಡ್ ಉದ್ದಕ್ಕೆ ಜಾಗ ಇರಬೇಕು. ಅಷ್ಟು ಸಿಕ್ಕಿದರೆ ಲೈಟ್ ಅವನಿಷ್ಟ.

ಜೋಡಿಸಿದ ಮೇಲೆ ಮಾನಿಟರ್ ಕೇಬಲ್ ಬೋರ್ಡ್‌ಗಲ್ಲ, ಗ್ರಾಫಿಕ್ಸ್ ಕಾರ್ಡ್‌ಗೆ ಹಾಕಿ. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಿ, ಇಲ್ಲದಿದ್ದರೆ 3200ರ ರ‍್ಯಾಮ್ ಕಮ್ಮಿ ವೇಗದಲ್ಲೇ ಓಡುತ್ತಿರುತ್ತದೆ. 144 ಹರ್ಟ್ಸ್ ಮಾನಿಟರ್ ಆದರೆ ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ ಅದನ್ನೇ ಆರಿಸಿ. ಎಲ್ಲಾ ಪಾರ್ಟ್ಸ್ ಬಿಲ್ ಅವನ ಹೆಸರಲ್ಲೇ ಇರಲಿ. ವಾರಂಟಿಗೆ ಓಡಾಡೋದು ಅವನೇ ಅಲ್ವಾ?