ಕಂಟೇನರ್ ನಿಲ್ಲುವಾಗ ನಡೆಯುತ್ತಿರುವ ಕೆಲಸ ಕಡಿದುಹೋಗದಂತೆ ನೋಡಿಕೊಳ್ಳುವ ಬಗೆ

ಹೊಸ ಆವೃತ್ತಿಯನ್ನು ಬಿಡುಗಡೆ ಮಾಡಿದಾಗಲೆಲ್ಲ ಕೆಲವೇ ಬಳಕೆದಾರರಿಗೆ 502 ದೋಷ (ಹಿಂದಿರುವ ಸರ್ವರ್‌ನಿಂದ ಸರಿಯಾದ ಉತ್ತರ ಬರಲಿಲ್ಲ ಎಂಬ ಸೂಚನೆ) ಕಾಣಿಸಿಕೊಂಡು, ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಇಲ್ಲವಾಗುತ್ತಿದ್ದರೆ, ಹೊಸ ಕಂಟೇನರ್ (ಅಪ್ಲಿಕೇಶನ್ ಅನ್ನು ಅದಕ್ಕೆ ಬೇಕಾದುದೆಲ್ಲದರೊಂದಿಗೆ ಪ್ರತ್ಯೇಕವಾಗಿ ಓಡಿಸುವ ಪೊಟ್ಟಣ) ಹೇಗೆ ಶುರುವಾಗುತ್ತಿದೆ ಎಂಬುದರ ಜೊತೆಗೆ ಹಳೆಯದು ಹೇಗೆ ನಿಲ್ಲುತ್ತಿದೆ ಎಂಬುದನ್ನೂ ನೋಡಬೇಕು. ಈ ಎರಡನೆಯದನ್ನು ಪರೀಕ್ಷಿಸುವವರು ಕಡಿಮೆ.

ಕಂಟೇನರ್‌ಗಳನ್ನು ನಿರ್ವಹಿಸುವ ಕುಬರ್ನೆಟಿಸ್ ಒಂದು ಪಾಡ್ ಅನ್ನು (ಒಟ್ಟಿಗೆ ಓಡುವ ಒಂದು ಅಥವಾ ಹೆಚ್ಚು ಕಂಟೇನರ್‌ಗಳ ಗುಂಪನ್ನು) ತೆಗೆಯುವಾಗ ಕಂಟೇನರ್‌ನ ಮೊದಲ ಪ್ರೋಸೆಸ್‌ಗೆ, ಅಂದರೆ ಪಿಐಡಿ 1ಕ್ಕೆ, ಕೆಲಸ ಮುಗಿಸಿ ನಿಲ್ಲು ಎಂದು ಕೇಳುವ ಸಿಗ್‌ಟರ್ಮ್ ಸಿಗ್ನಲ್ ಕಳುಹಿಸುತ್ತದೆ. ನಾವು ಬೇರೆ ಗಡುವು ಕೊಡದಿದ್ದರೆ 30 ಸೆಕೆಂಡು ಕಾದು, ಆಗಲೂ ಮುಗಿಯದಿದ್ದರೆ ಸಿಗ್‌ಕಿಲ್ ಕಳುಹಿಸಿ ಬಲವಂತವಾಗಿ ಕೊನೆಗೊಳಿಸುತ್ತದೆ. ಕಂಟೇನರ್ ಓಡಿಸುವ ಸಾಧನವಾದ ಡಾಕರ್‌ನ ಡಾಕರ್ ಸ್ಟಾಪ್ ಕಮಾಂಡ್‌ನಲ್ಲಿ ಈ ಗಡುವು ಸಾಮಾನ್ಯವಾಗಿ 10 ಸೆಕೆಂಡು.

ಆದ್ದರಿಂದ ಮೊದಲು ನಿಮ್ಮದೇ ಯಂತ್ರದಲ್ಲಿ ಕಂಟೇನರ್ ಓಡಿಸಿ, ಡಾಕರ್ ಸ್ಟಾಪ್ ಕೊಟ್ಟು, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗಮನಿಸಿ. ಸರಿಯಾಗಿ 10 ಸೆಕೆಂಡು ಹಿಡಿದು, ಎಕ್ಸಿಟ್ ಕೋಡ್ (ಪ್ರೋಸೆಸ್ ಹೇಗೆ ಮುಗಿಯಿತೆಂದು ಹೇಳುವ ಸಂಖ್ಯೆ) 137 ಬಂದರೆ, ಸಿಗ್‌ಟರ್ಮ್ ನಿಮ್ಮ ಅಪ್ಲಿಕೇಶನ್‌ಗೆ ತಲುಪಿಲ್ಲ, ಇಲ್ಲವೇ ತಲುಪಿಯೂ ಅದು ಸಕಾಲದಲ್ಲಿ ಮುಗಿಸಿಲ್ಲ. ಸಿಗ್‌ಕಿಲ್‌ನ ಸಂಖ್ಯೆ 9. ಅದಕ್ಕೆ 128 ಕೂಡಿದಾಗ 137 ಬರುತ್ತದೆ. ಮೆಮೊರಿ ಮಿತಿ ಮೀರಿದಾಗಲೂ ಇದೇ ಕೋಡ್ ಬರುವುದರಿಂದ, ಓಓಎಂಕಿಲ್ಡ್ ಎಂಬ ಕಾರಣ ದಾಖಲಾಗಿದೆಯೇ ಎಂದು ನೋಡಿಯೇ ಮುಂದುವರಿಯಿರಿ.

ಸಿಗ್ನಲ್ ತಲುಪದಿರಲು ಬಹುಪಾಲು ಡಾಕರ್‌ಫೈಲ್‌ನ (ಕಂಟೇನರ್ ಕಟ್ಟುವ ಸೂಚನೆಗಳಿರುವ ಕಡತದ) ಕೊನೆಯ ಸಾಲೇ ಕಾರಣವಾಗಿರುತ್ತದೆ. ಅಲ್ಲಿ ಕಮಾಂಡ್ ಅನ್ನು ಬರಿಯ ಪಠ್ಯವಾಗಿ ಬರೆದರೆ ಡಾಕರ್ ಅದನ್ನು ಶೆಲ್ (ಕಮಾಂಡ್‌ಗಳನ್ನು ಓದಿ ನಡೆಸುವ ಪ್ರೋಗ್ರಾಂ) ಮೂಲಕ ಓಡಿಸುತ್ತದೆ. ಆಗ ಶೆಲ್ ಪಿಐಡಿ 1 ಆಗಿ ಕುಳಿತು, ತನಗೆ ಬಂದ ಸಿಗ್ನಲ್ ಅನ್ನು ಮಗು ಪ್ರೋಸೆಸ್‌ಗೆ ದಾಟಿಸದೆ ಉಳಿಯಬಹುದು. ಸರಳ ಕಮಾಂಡ್ ಇದ್ದಾಗ ಕೆಲವು ಶೆಲ್‌ಗಳು ತಾವೇ ಜಾಗ ಬಿಟ್ಟುಕೊಡುತ್ತವೆ, ಆದರೆ ಅದನ್ನು ನಂಬಿ ಕೂರಬಾರದು. ಕಮಾಂಡ್ ಅನ್ನು ಚೌಕ ಆವರಣದೊಳಗೆ, ಪ್ರತಿ ಪದವನ್ನೂ ಉದ್ಧರಣ ಚಿಹ್ನೆಗಳಲ್ಲಿಟ್ಟು ಬರೆಯಿರಿ; ಆರಂಭಿಕ ಸ್ಕ್ರಿಪ್ಟ್ ಇದ್ದರೆ ಅದರ ಕೊನೆಯ ಸಾಲಿನ ಆರಂಭದಲ್ಲಿ, ಶೆಲ್‌ನ ಜಾಗವನ್ನು ಅಪ್ಲಿಕೇಶನ್‌ಗೇ ಬಿಟ್ಟುಕೊಡುವ ಎಕ್ಸೆಕ್ ಸೇರಿಸಿ.

ಇಷ್ಟಾದರೂ ಅಪ್ಲಿಕೇಶನ್ ಸಿಗ್‌ಟರ್ಮ್‌ಗೆ ತನ್ನದೇ ಹ್ಯಾಂಡ್ಲರ್ (ಸಿಗ್ನಲ್ ಬಂದಾಗ ಓಡುವ ಕೋಡ್) ಇಟ್ಟುಕೊಂಡಿರಲೇಬೇಕು, ಏಕೆಂದರೆ ಹ್ಯಾಂಡ್ಲರ್ ಇಲ್ಲದ ಪಿಐಡಿ 1ರ ಮೇಲೆ ಲಿನಕ್ಸ್ ಕರ್ನಲ್ ಆ ಸಿಗ್ನಲ್ ಅನ್ನು ಜಾರಿಗೊಳಿಸುವುದೇ ಇಲ್ಲ. ಹೊಸ ಸಂಪರ್ಕಗಳನ್ನು ನಿಲ್ಲಿಸಿ, ಕೈಯಲ್ಲಿರುವ ರಿಕ್ವೆಸ್ಟ್‌ಗಳನ್ನು ಮುಗಿಸಿ, ಡೇಟಾಬೇಸ್ ಸಂಪರ್ಕ ಮುಚ್ಚಿ ಹೊರಬರುವುದು ಆ ಹ್ಯಾಂಡ್ಲರ್‌ನ ಕೆಲಸ.

ಇನ್ನೊಂದು ಸೂಕ್ಷ್ಮವಿದೆ. ಪಾಡ್‌ಗೆ ಸಿಗ್‌ಟರ್ಮ್ ಹೋಗುವುದೂ, ರಿಕ್ವೆಸ್ಟ್‌ಗಳನ್ನು ಪಾಡ್‌ಗಳಿಗೆ ಹಂಚುವ ಸರ್ವಿಸ್‌ನ ಪಟ್ಟಿಯಿಂದ ಅದರ ವಿಳಾಸ ತೆಗೆಯುವುದೂ ಒಂದಕ್ಕೊಂದು ಕಾಯದೆ ನಡೆಯುತ್ತವೆ; ಹಾಗಾಗಿ ಬಾಗಿಲು ಮುಚ್ಚಿದ ಮೇಲೂ ಕೆಲವು ರಿಕ್ವೆಸ್ಟ್‌ಗಳು ಅಲ್ಲಿಗೇ ಬರುತ್ತವೆ. ಸಿಗ್‌ಟರ್ಮ್‌ಗೆ ಮೊದಲು ಓಡುವ ಪ್ರೀಸ್ಟಾಪ್ ಹುಕ್‌ನಲ್ಲಿ 5ರಿಂದ 10 ಸೆಕೆಂಡು ಸುಮ್ಮನೆ ಕಾಯಿಸುವುದು ನೋಡಲು ಒರಟಾದರೂ ಚೆನ್ನಾಗಿ ಕೆಲಸ ಮಾಡುತ್ತದೆ. ಈ ಕಾಯುವಿಕೆಯೂ ಆ 30 ಸೆಕೆಂಡಿನೊಳಗೇ ಲೆಕ್ಕವಾಗುವುದರಿಂದ, ನಿಮ್ಮ ಅತಿ ದೀರ್ಘ ರಿಕ್ವೆಸ್ಟ್‌ಗೆ 40 ಸೆಕೆಂಡು ಬೇಕಿದ್ದರೆ ಗಡುವನ್ನು 60ಕ್ಕೆ ಏರಿಸಿ, ಮತ್ತೊಮ್ಮೆ ಲೋಡ್ ಕೊಡುತ್ತಲೇ ಪಾಡ್ ಅಳಿಸಿ ಪರೀಕ್ಷಿಸಿ.