ಅಡಿಕೆ ಸಿಪ್ಪೆಯ ನಾರಿನಿಂದ ಎಪಾಕ್ಸಿ ಹಲಗೆ

ಮಲೆನಾಡಿನ ರಸ್ತೆಬದಿಯಲ್ಲಿ ಸುರಿದು ಸುಡುವ ಅಡಿಕೆ ಸಿಪ್ಪೆಯಲ್ಲಿ ಒಳ್ಳೆಯ ನಾರಿದೆ. ಹಸಿ ಅಡಿಕೆಯ ಸಿಪ್ಪೆಗಿಂತ ಚಾಲಿ (ಒಣಗಿಸಿದ ಹಣ್ಣಡಿಕೆ) ಸುಲಿದಾಗ ಸಿಗುವ ಒಣ ಸಿಪ್ಪೆಯೇ ಮೇಲು, ಅದರ ನಾರು ಬಲಿತು ಗಟ್ಟಿಯಾಗಿರುತ್ತದೆ. ಬೂಸ್ಟು ಹಿಡಿದದ್ದನ್ನು ಮುಟ್ಟಬೇಡಿ.

ಇಲ್ಲಿನ ಲೆಕ್ಕ 300×300×3 ಮಿ.ಮೀ. ಹಲಗೆಗೆ. ಇದಕ್ಕೆ ಒಣ ನಾರು 70 ಗ್ರಾಂ, ಎಪಾಕ್ಸಿ ರೆಸಿನ್ ಎಂಬ ಅಂಟುದ್ರವ (ಎಲ್‌ವೈ 556 ಎಂಬ ಬಗೆ) 220 ಗ್ರಾಂ, ಅದನ್ನು ಗಟ್ಟಿಯಾಗಿಸುವ ಹಾರ್ಡನರ್ (ಎಚ್‌ವೈ 951) 22 ಗ್ರಾಂ. ಸ್ವಲ್ಪ ರೆಸಿನ್ ಹೊರಗೆ ಹರಿದುಹೋಗುವುದೂ ಈ ಲೆಕ್ಕದಲ್ಲಿ ಸೇರಿದೆ.

ಸಿಪ್ಪೆಯನ್ನು ನಾಲ್ಕೈದು ದಿನ ನೀರಲ್ಲಿ ನೆನೆಹಾಕಿ. ಮರದ ಕೊಡತಿಯಿಂದ ಹಗುರವಾಗಿ ಬಡಿದು, ನಾರು ಬಿಡಿಸಿ, ತಂತಿ ಬ್ರಷ್ಷಿನಿಂದ ಬಾಚಿ. ನಡುವಿನ ಪುಡಿಪುಡಿ ಭಾಗ ಉಳಿದರೆ ಅದು ರೆಸಿನ್ ಹೀರುತ್ತದೆಯೇ ಹೊರತು ಬಲ ಕೊಡುವುದಿಲ್ಲ.

ಮುಂದಿನದು ಕ್ಷಾರದ ಸಂಸ್ಕರಣೆ. ಇದನ್ನು ಬಿಟ್ಟರೆ ಉಳಿದ ಶ್ರಮವೆಲ್ಲ ವ್ಯರ್ಥ, ಏಕೆಂದರೆ ನಾರಿನ ಮೇಲಿನ ಮೇಣ ಮತ್ತು ಹೆಮಿಸೆಲ್ಯುಲೋಸ್ (ನೀರು ಹೀರುವ ಸಸ್ಯಾಂಶ) ರೆಸಿನ್ನನ್ನು ಹಿಡಿಯಗೊಡುವುದಿಲ್ಲ. 100 ಗ್ರಾಂ ನಾರಿಗೆ 2 ಲೀಟರ್ ನೀರು, 100 ಗ್ರಾಂ ಕಾಸ್ಟಿಕ್ ಸೋಡಾ. ಸೋಡಾವನ್ನು ನೀರಿಗೆ ಹಾಕಬೇಕು. ಸೋಡಾದ ಮೇಲೆ ನೀರು ಸುರಿದರೆ ಕುದಿದು ಸಿಡಿಯುತ್ತದೆ. ಕೈಗವಸು, ಕನ್ನಡಕ ಕಡ್ಡಾಯ. ಪ್ಲಾಸ್ಟಿಕ್ ಬಕೆಟ್ ಸರಿ; ಅಲ್ಯೂಮಿನಿಯಂ ಪಾತ್ರೆಯನ್ನು ಕ್ಷಾರ ಕೊರೆದು ಹೈಡ್ರೋಜನ್ ಅನಿಲ ಬರುತ್ತದೆ. ಒಂದು ಗಂಟೆ ಸಾಕು. ಬಲ ಹೆಚ್ಚಲೆಂದು ದ್ರಾವಣವನ್ನು ಗಾಢವಾಗಿಸಿ ರಾತ್ರಿಯಿಡೀ ಬಿಟ್ಟರೆ ನಾರೇ ಟೊಳ್ಳಾಗಿ ಮುರಿಯುತ್ತದೆ. ಆಮೇಲೆ ನಾಲ್ಕೈದು ನೀರಲ್ಲಿ ತೊಳೆದು, ಕೊನೆಯ ನೀರಿಗೆ ಒಂದೆರಡು ಚಮಚ ವಿನೆಗರ್ ಹಾಕಿ, ಪಿಎಚ್ ಕಾಗದ 7 ತೋರಿಸುವವರೆಗೆ ಜಾಲಿಸಿ.

ಎರಡು ದಿನ ಬಿಸಿಲು, ಬಳಿಕ 80 ಡಿಗ್ರಿ ಓವನ್. ಗಂಟೆಗೊಮ್ಮೆ ತೂಗಿ, ತೂಕ ಇಳಿಯುವುದು ನಿಂತಾಗಲೇ ನಾರು ಒಣಗಿದಂತೆ. ಕೈಗೆ ಒಣಗಿದಂತೆ ಕಂಡರೂ ಒಳಗೆ ತೇವವಿರುತ್ತದೆ, ಅದೇ ಹಲಗೆಯಲ್ಲಿ ಗುಳ್ಳೆಯಾಗಿ ಏಳುತ್ತದೆ. ಮಳೆಗಾಲದಲ್ಲಿ ಓವನ್ನಿಂದ ತೆಗೆದ ಕೂಡಲೇ ಬಿಗಿ ಡಬ್ಬಿಗೆ ತುಂಬಿ.

ನಾರನ್ನು 20–30 ಮಿ.ಮೀ. ಉದ್ದಕ್ಕೆ ಕತ್ತರಿಸಿ. ಅಚ್ಚಿಗೆ ಮೇಣ ಸವರಿ ಪಾಲಿಯೆಸ್ಟರ್ ಹಾಳೆ ಹಾಸಿ, ಸುತ್ತ 3 ಮಿ.ಮೀ. ದಪ್ಪದ ಪಟ್ಟಿ ಇಡಿ. ರೆಸಿನ್‌ಗೆ ಹಾರ್ಡನರ್ ಸೇರಿಸಿ ನಿಧಾನವಾಗಿ ಕಲಸಿ, ಕೂಡಲೇ ಅಗಲವಾದ ತಟ್ಟೆಗೆ ಸುರಿಯಿರಿ. ಲೋಟದಲ್ಲೇ ಬಿಟ್ಟರೆ ಬಿಸಿಯೇರಿ ಅರ್ಧ ಗಂಟೆಯೊಳಗೆ ಗಟ್ಟಿಯಾದೀತು. ಮೊದಲು ರೆಸಿನ್ ಸವರಿ, ಮೇಲೆ ನಾರು ಉದುರಿಸಿ, ರೋಲರ್ ಒತ್ತಿ, ಮತ್ತೆ ರೆಸಿನ್: ಹೀಗೆ ಮೂರು ಪದರ. ಕೈಕೆಲಸದಲ್ಲಿ ನಾರಿನ ಪ್ರಮಾಣ ತೂಕದ ಕಾಲು ಭಾಗ ದಾಟಿಸಬೇಡಿ, ನಡುನಡುವೆ ಒಣ ಜಾಗ ಉಳಿಯುತ್ತದೆ. ಮೇಲೊಂದು ಹಾಳೆ ಹೊದಿಸಿ, ಸಪಾಟಾದ ಹಲಗೆಯಿಟ್ಟು ಸಿ-ಕ್ಲ್ಯಾಂಪ್ ಬಿಗಿದು 24 ಗಂಟೆ ಬಿಡಿ. ನಂತರ 80 ಡಿಗ್ರಿಯಲ್ಲಿ ಎರಡು ಗಂಟೆ.

ಅಂಚಿನಿಂದ ಒಂದು ಪಟ್ಟಿ ಕತ್ತರಿಸಿ ಮುರಿದು ನೋಡಿ. ಮುರಿದ ಮುಖದಲ್ಲಿ ನಾರು ಉದ್ದುದ್ದ ನುಣ್ಣಗೆ ಹೊರಬಂದಿದ್ದರೆ ಅಂಟು ಹಿಡಿದಿಲ್ಲ, ಕ್ಷಾರದ ಹಂತ ಅಥವಾ ತೊಳೆಯುವುದು ಕೆಟ್ಟಿದೆ. ಮುಖದ ಹತ್ತಿರವೇ ತುಂಡಾಗಿದ್ದರೆ ಹಿಡಿತ ಸರಿಯಿದೆ. ಕತ್ತರಿಸಿದ ಅಂಚುಗಳಿಗೆಲ್ಲ ಮತ್ತೆ ರೆಸಿನ್ ಬಳಿಯಿರಿ, ನೀರು ನುಗ್ಗುವುದು ಅಲ್ಲಿಂದಲೇ. ಒಳಗೋಡೆಯ ಫಲಕ, ಚಾವಣಿ ಹಾಸು, ಪೆಟ್ಟಿಗೆಯ ಮುಚ್ಚಳಕ್ಕೆ ಇದು ಚೆನ್ನಾಗಿ ಒದಗುತ್ತದೆ. ಭಾರ ಹೊರುವ ಜಾಗಕ್ಕೂ ಮಳೆಗೆ ಬಿದ್ದಿರುವ ಜಾಗಕ್ಕೂ ಹಾಕಬೇಡಿ.